ನಿಷ್ಕಳಂಕ ಸೂರ್ಯನ ಲೆಕ್ಕ

ಪೂರ್ವಕ್ಕೆ ಸಹ್ಯಾದ್ರಿಯ ಸಾಲು, ಪಶ್ಚಿಮಕ್ಕೆ ಕಡಲಿನತ್ತ ಇಳಿಯುತ್ತ ಹೋಗುವ ನೆಲ, ಇವೆರಡರ ನಡುವೆ ಕಾರ್ಕಳಕ್ಕೆ ಅಂಟಿಕೊಂಡಂತಿರುವ ಕುಕ್ಕುಂದೂರಿನಲ್ಲಿ ನಿಂತು, ಸೂರ್ಯಬಿಂಬವನ್ನು ಪ್ರತಿದಿನವೂ ಪರೀಕ್ಷಿಸಿ ಕಂಡದ್ದನ್ನು ಬರೆದಿಡಬೇಕೆಂದು ಒಬ್ಬನು ಸಂಕಲ್ಪಿಸಿದನೆನ್ನೋಣ. ಅವನಿಗೆ ಈ ಸೀಮೆಯ ಮಳೆಗಾಲವೇ ಮೊದಲ ಗುರು. ತುಳುವರ ಕಾರ್ತೆಲ್ ತಿಂಗಳಿನಿಂದ ಸೋಣದವರೆಗೆ ಮುಗಿಲು ಕವಿದ ಆಕಾಶದಲ್ಲಿ ಸೂರ್ಯನು ದಿನಗಟ್ಟಲೆ ಮುಖವನ್ನೇ ತೋರಿಸನು. ಆ ದಿನಗಳ ಎದುರು ಅವನು ಏನನ್ನೂ ಬರೆಯಲಾರನು. ಆದರೆ ಮಾಗಿಯ ನಿರ್ಮಲವಾದ ಬೆಳಗಿನಲ್ಲಿ, ಸಣ್ಣ ದೂರದರ್ಶಕದ ಮೂಲಕ ಬಿಳಿಯ ಕಾಗದದ ಮೇಲೆ ಬೀಳಿಸಿದ ಬಿಂಬದಲ್ಲಿ ಒಂದು ಕಲೆಯೂ ಕಾಣದಿದ್ದರೆ, ಆಗ ಅವನು ಸೊನ್ನೆಯನ್ನು ಬರೆಯಲೇಬೇಕು. ನೋಡಲಾಗದೆ ಉಳಿದ ದಿನವೂ, ನೋಡಿ ಏನನ್ನೂ ಕಾಣದ ದಿನವೂ ಬೇರೆಬೇರೆ. ಸೂರ್ಯನ ಮೌನದ ಇತಿಹಾಸವೆಲ್ಲ ಈ ಭೇದವನ್ನು ಕಾಯ್ದುಕೊಂಡವರ ಶ್ರದ್ಧೆಯಿಂದ ನಮಗೆ ದೊರೆತದ್ದು. ಅವರಲ್ಲಿ ಬಹುಮಂದಿ ವೃತ್ತಿಯಿಂದ ಜ್ಯೋತಿರ್ವಿದರಾಗಿರಲಿಲ್ಲವೆಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

ಜರ್ಮನಿಯ ದೆಸ್ಸೌ ಪಟ್ಟಣದ ಹೈನ್ರಿಖ್ ಶ್ವಾಬೆ ಔಷಧವ್ಯಾಪಾರಿ. ಬುಧನಿಗಿಂತಲೂ ಒಳಗಿನ ಕಕ್ಷೆಯಲ್ಲಿ ಇರಬಹುದೆಂದು ಆಗ ಊಹಿಸಲಾಗಿದ್ದ ಗ್ರಹವೊಂದು ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ಹಿಡಿಯಬೇಕೆಂಬ ಆಸೆಯಿಂದ ಅವನು 1826ರಿಂದ ಬಿಸಿಲಿದ್ದ ದಿನವೆಲ್ಲ ನೋಡತೊಡಗಿ, ಗ್ರಹದ ಚುಕ್ಕೆಯನ್ನು ಕಲೆಯ ಚುಕ್ಕೆಯಿಂದ ಬೇರ್ಪಡಿಸುವುದಕ್ಕೋಸ್ಕರ ಕಲೆಗಳೆಲ್ಲವನ್ನೂ ಗುರುತಿಸುತ್ತ ಬಂದನು. ಗ್ರಹ ಸಿಕ್ಕಲಿಲ್ಲ. ಅಂಗಡಿಯ ರೋಜುಪುಸ್ತಕದಂತೆ ತಪ್ಪದೆ ಬೆಳೆದ ಅವನ ದಿನಚರಿಯಲ್ಲಿ ಮಾತ್ರ ಬೇರೊಂದು ಸಂಗತಿ ಮೂಡಿತು: 1828ರಲ್ಲಿ ಅವನು ನೋಡಿದ ದಿನಗಳಲ್ಲಿ ಕಲೆಯಿಲ್ಲದ ದಿನ ಒಂದೂ ಇರಲಿಲ್ಲ, 1833ರಲ್ಲಿ ಅಂತಹವು 139, ಮತ್ತೆ 1843ರಲ್ಲಿ 149. ಸುಮಾರು ಹತ್ತು ವರ್ಷಗಳ ಏರಿಳಿತವೊಂದು ಸೂರ್ಯನಲ್ಲಿ ಇರುವಂತಿದೆಯೆಂದು ಅವನು ಸಂಕೋಚದಿಂದಲೇ ಪ್ರಕಟಿಸಿದನು. ವಿಜ್ಞಾನಿ ಹುಂಬೋಲ್ಟನು ತನ್ನ ‘ಕಾಸ್ಮೋಸ್’ ಗ್ರಂಥದಲ್ಲಿ ಎತ್ತಿ ಹೇಳುವವರೆಗೆ ಲೋಕವು ಅದನ್ನು ಗಮನಿಸಲಿಲ್ಲ. ಜ್ಯೂರಿಕ್ಕಿನ ರುಡಾಲ್ಫ್ ವುಲ್ಫನು ರೂಪಿಸಿದ ಗಣನೆಯ ಕ್ರಮವನ್ನೇ ಇಂದಿಗೂ ಅನುಸರಿಸುತ್ತಾರೆ: ಕಲೆಗಳ ಗುಂಪುಗಳನ್ನು ಹತ್ತರಿಂದ ಗುಣಿಸಿ ಬಿಡಿ ಕಲೆಗಳನ್ನು ಕೂಡಿಸುವುದು. ಆದಕಾರಣ ಒಂದೇ ಒಂದು ಚುಕ್ಕೆ ಕಂಡರೂ ಆ ದಿನದ ಸಂಖ್ಯೆ 11. ಸೊನ್ನೆಗೂ ಹನ್ನೊಂದಕ್ಕೂ ನಡುವೆ ಬೇರೆ ಮೆಟ್ಟಿಲಿಲ್ಲ. ಸೂರ್ಯನು ಶಾಂತನಾಗಿರುವ ಕಾಲದಲ್ಲಿ ಕಣ್ಣಿನ ಎಚ್ಚರಕ್ಕೆ ಎಷ್ಟು ಬೆಲೆಯೆಂಬುದು ಇದರಿಂದಲೇ ವಿದಿತವಾದೀತು.

ಆದರೆ ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಬರುವವೆಂದು ಮುಂದೆ ಗೊತ್ತಾದ ಈ ಅಲ್ಪವಿರಾಮಗಳನ್ನು ಮೀರಿದ ದೀರ್ಘಮೌನವೊಂದು ಹಿಂದೆ ಸಂಭವಿಸಿತ್ತು. 1645ರಿಂದ 1715ರವರೆಗಿನ ಎಪ್ಪತ್ತು ವರ್ಷಗಳಲ್ಲಿ ಸೂರ್ಯನ ಮೇಲೆ ಕಲೆಗಳು ಅತ್ಯಂತ ವಿರಳವಾಗಿದ್ದವು. ಆ 1645ರಲ್ಲಿಯೇ ಕೆಳದಿಯ ಪಟ್ಟವನ್ನೇರಿದ ಶಿವಪ್ಪ ನಾಯಕನು ನಮ್ಮ ಕರಾವಳಿಯ ಮೇಲೆ ತನ್ನ ಅಧಿಕಾರವನ್ನು ಭದ್ರಪಡಿಸುತ್ತಿದ್ದ ಕಾಲದಲ್ಲಿಯೂ, ಅಲ್ಲಿಯ ರಾಣಿ ಚೆನ್ನಮ್ಮಾಜಿಯು ಮರಾಠರ ದೊರೆ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದ ಕಾಲದಲ್ಲಿಯೂ, ತುಳುನಾಡಿನ ಗದ್ದೆಗಳ ಮೇಲೆ ಉದಯಿಸುತ್ತಿದ್ದವನು ಬಹುತೇಕ ಕಲೆಯಿಲ್ಲದ ಸೂರ್ಯನೇ. ಗ್ರೀನ್‌ವಿಚ್ಚಿನ ಫ್ಲಾಮ್‌ಸ್ಟೀಡನು 1684ರಲ್ಲಿ ಒಂದು ಕಲೆಯನ್ನು ಕಂಡಾಗ, 1676ರ ಡಿಸೆಂಬರಿನಿಂದೀಚೆಗೆ ತನಗೆ ಕಾಣಿಸಿದ ಮೊದಲನೆಯದು ಇದೆಂದು ಬರೆದಿಟ್ಟನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜ್ಯೋತಿರ್ವಿದರಾದ ಸ್ಪೋರರನೂ ಮೌಂಡರನೂ ಈ ಅವಧಿಯನ್ನು ಮತ್ತೆ ಬೆಳಕಿಗೆ ತಂದರಾದರೂ, ಅಂದಿನವರು ಸರಿಯಾಗಿ ನೋಡಿರಲಿಕ್ಕಿಲ್ಲವೆಂಬ ಆಕ್ಷೇಪವು ಬಹುಕಾಲ ಅಡ್ಡನಿಂತಿತು. 1976ರಲ್ಲಿ ಅಮೆರಿಕೆಯ ಜಾನ್ ಎಡ್ಡಿಯವರು ಆ ಆಕ್ಷೇಪಕ್ಕೆ ಉತ್ತರ ಕೊಟ್ಟರು: ಪ್ಯಾರಿಸ್ಸಿನಲ್ಲಿ ಪಿಕಾರ್, ಲಾ ಹೀರ್ ಮೊದಲಾದವರು ಎಡೆಬಿಡದೆ ನೋಡಿಯೇ ಇದ್ದರು, ಧ್ರುವಪ್ರಭೆಯ ಉಲ್ಲೇಖಗಳು ಅದೇ ಕಾಲದಲ್ಲಿ ಕ್ಷೀಣಿಸಿದ್ದವು, ಮರಗಳ ವಾರ್ಷಿಕ ಉಂಗುರಗಳಲ್ಲಿ ಉಳಿದ ಇಂಗಾಲ-14ರ ಪ್ರಮಾಣವು ಏರಿತ್ತು. ಸೂರ್ಯನ ಕಾಂತಕ್ಷೇತ್ರ ದುರ್ಬಲವಾದಾಗ ವಿಶ್ವಕಿರಣಗಳು ಭೂಮಿಗೆ ಅಧಿಕವಾಗಿ ಬಂದು ವಾಯುಮಂಡಲದಲ್ಲಿ ಆ ಇಂಗಾಲವನ್ನು ಹೆಚ್ಚಿಸುತ್ತವೆಯಾಗಿ, ಮರವೂ ಸಾಕ್ಷಿ ಹೇಳಿತು.

ಅದೇ ಮರಗಳ ಸಾಕ್ಷ್ಯದಿಂದ ಎಡ್ಡಿಯವರು 1460ರಿಂದ 1550ರವರೆಗಿನ ಇನ್ನೊಂದು ಮೌನಕ್ಕೆ ಸ್ಪೋರರನ ಹೆಸರಿಟ್ಟರು. ಕುಕ್ಕುಂದೂರಿನ ನೆರೆಯಲ್ಲಿ, ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯ ಭೈರರಸನು ಗೊಮ್ಮಟನನ್ನು ಪ್ರತಿಷ್ಠಾಪಿಸಿದ್ದು 1432ರಲ್ಲಿ. ಅದರ ಎದುರಿನ ಚತುರ್ಮುಖ ಬಸದಿ ಎದ್ದದ್ದು 1586ರಲ್ಲಿ. ಈ ಎರಡು ಶಿಲಾಕೃತಿಗಳ ನಡುವಣ ಕಾಲದಲ್ಲಿ ಸೂರ್ಯನ ಆ ಮೌನವೆಲ್ಲ ಅಡಗಿದೆ. ದೂರದರ್ಶಕವೇ ಹುಟ್ಟದಿದ್ದ ಆ ಕಾಲದ ಸೂರ್ಯನ ಸ್ಥಿತಿಯು ಇಂದು ನಮಗೆ ತಿಳಿದಿರುವುದನ್ನು ನೆನೆದರೆ ಸೋಜಿಗವಾಗುತ್ತದೆ.

ಕನ್ನಡನಾಡಿಗೆ ಶಾಂತಸೂರ್ಯನ ಪ್ರಶ್ನೆಯು ಬರಿಯ ಕುತೂಹಲವಾಗಿ ಬರಲಿಲ್ಲ. ಹಸಿವಿನ ಬೆನ್ನಲ್ಲಿ ಬಂದಿತು. ನಮ್ಮ ಹಿರಿಯರು ಧಾತು-ಈಶ್ವರದ ಬರವೆಂದು ನೆನೆದು ನಡುಗುತ್ತಿದ್ದ 1876-78ರ ಕ್ಷಾಮವು ಮೈಸೂರು ಸಂಸ್ಥಾನವನ್ನೂ ಮದ್ರಾಸು ಪ್ರಾಂತವನ್ನೂ ಹಾಳುಗೆಡವಿದಾಗ ಸೂರ್ಯನ ಕಲೆಗಳೂ ಕನಿಷ್ಠಕ್ಕೆ ಇಳಿಯುತ್ತಿದ್ದವು. ಇದನ್ನು ಕಂಡು ನಾರ್ಮನ್ ಲಾಕಿಯರ್ ಮತ್ತು ಡಬ್ಲ್ಯು. ಡಬ್ಲ್ಯು. ಹಂಟರ್ ಎಂಬ ಇಬ್ಬರು 1877ರಲ್ಲಿ ಕಲೆಗಳಿಗೂ ಕ್ಷಾಮಕ್ಕೂ ಸಂಬಂಧವುಂಟೆಂದು ವಾದಿಸಿದರು. ಸೂರ್ಯನನ್ನು ನಿತ್ಯವೂ ಪರೀಕ್ಷಿಸಿದರೆ ಮಳೆಯ ಕೊರತೆಯನ್ನು ಮುಂಚಿತವಾಗಿ ಅರಿಯಬಹುದೆಂಬ ಈ ಆಶೆಯು ಪಳನಿ ಬೆಟ್ಟಗಳಲ್ಲಿ ಕೊಡೈಕನಾಲಿನ ವೀಕ್ಷಣಾಲಯ 1899ರಲ್ಲಿ ಸ್ಥಾಪಿತವಾಗುವುದಕ್ಕೆ ಕಾರಣಗಳಲ್ಲೊಂದಾಯಿತು. ಮುಂದೆ ಹವಾಮಾನಶಾಸ್ತ್ರಜ್ಞ ಗಿಲ್ಬರ್ಟ್ ವಾಕರರು ಅಂಕಿಗಳನ್ನು ಒರೆಹಚ್ಚಿ ನೋಡಲಾಗಿ ಆ ಸಂಬಂಧವು ನೆಚ್ಚತಕ್ಕಷ್ಟು ಬಲವಾಗಿಲ್ಲವೆಂದು ತಿಳಿದುಬಂದಿತು. ಕ್ಷಾಮದಲ್ಲಿ ಮಡಿದವರ ಸಂಖ್ಯೆ ಅಷ್ಟಾಗುವುದಕ್ಕೆ ಮಳೆಯೊಂದೇ ಕಾರಣವಲ್ಲ. ಧಾನ್ಯವನ್ನು ಹೊರಕ್ಕೆ ಸಾಗಿಸುತ್ತಲೇ ಇದ್ದ ವ್ಯಾಪಾರವನ್ನೂ, ಪರಿಹಾರದಲ್ಲಿ ಕೈ ಬಿಗಿಹಿಡಿದ ಆಡಳಿತವನ್ನೂ ಬಿಟ್ಟು ಆಕಾಶವನ್ನು ಹೊಣೆಮಾಡುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಆದರೂ ತಪ್ಪು ಆಶೆಯಿಂದ ಹುಟ್ಟಿದ ಆ ವೀಕ್ಷಣಾಲಯವು ನೋಡುವ ವ್ರತವನ್ನು ಬಿಡಲಿಲ್ಲ. 1904ರಿಂದ ಅಲ್ಲಿ ಸೂರ್ಯನ ಚಿತ್ರಗಳ ಸಂಗ್ರಹ ಬೆಳೆಯುತ್ತ ಬಂದಿದೆ. ವರ್ಷದಲ್ಲಿ ಮುನ್ನೂರಕ್ಕೂ ಮಿಕ್ಕ ದಿನಗಳು ಕಲೆಯಿಲ್ಲದೆ ಕಳೆದ 1913ರ ಮಹಾಶಾಂತಿಯ ಕಾಲದಲ್ಲಿಯೂ ಎವರ್‌ಶೆಡ್ಡರ ನೇತೃತ್ವದಲ್ಲಿ ಆ ಕಾರ್ಯ ನಡೆದಿತ್ತು.

ಅದರ ನಂತರ ಅಷ್ಟು ಗಾಢವಾದ ಶಾಂತಿಯು ಮತ್ತೆ ಕಾಣಿಸಿದ್ದು ನಮ್ಮ ಕಾಲದಲ್ಲಿ, 2008-09ರಲ್ಲಿಯೂ 2019ರಲ್ಲಿಯೂ. 2008ರಲ್ಲಿ 260ಕ್ಕೂ, 2019ರಲ್ಲಿ 270ಕ್ಕೂ ಹೆಚ್ಚು ದಿನಗಳು ಸೊನ್ನೆಯ ದಿನಗಳಾದವು. 2019ರ ಡಿಸೆಂಬರ್ 26ರ ಬೆಳಗ್ಗೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣಗ್ರಹಣವನ್ನು ನೋಡಲು ಜನ ನೆರೆದಾಗ, ಕರಾವಳಿಯ ಊರೂರುಗಳಲ್ಲಿ ಮಕ್ಕಳು ಶೋಧಕ ಕನ್ನಡಕಗಳನ್ನು ಹಿಡಿದು ನಿಂತಾಗ, ಸೂರ್ಯನ ಇಪ್ಪತ್ತನಾಲ್ಕನೆಯ ಆವರ್ತದ ತಳವನ್ನು ತಾವು ಕಾಣುತ್ತಿರುವೆವೆಂದು ಯಾರಿಗೂ ತಿಳಿದಿರಲಿಲ್ಲ. ಹದಿಮೂರು ತಿಂಗಳ ಸರಾಸರಿಯನ್ನು ಕಟ್ಟಿದ ಮೇಲಲ್ಲದೆ ಕನಿಷ್ಠವು ಗೊತ್ತಾಗದಾಗಿ, ಆ ಡಿಸೆಂಬರ್ ತಿಂಗಳೇ ಕನಿಷ್ಠವೆಂದೂ, ಸರಾಸರಿಯು 1.8ಕ್ಕೆ ಇಳಿದಿತ್ತೆಂದೂ ಘೋಷಿತವಾದದ್ದು 2020ರ ಸೆಪ್ಟೆಂಬರಿನಲ್ಲಿ. ಬ್ರಸೆಲ್ಸಿನಲ್ಲಿ ಕೂಡಿಸಲ್ಪಡುವ ಈ ಲೆಕ್ಕಕ್ಕೆ ಹಲವು ದೇಶಗಳ ವೀಕ್ಷಣಾಲಯಗಳೊಡನೆ ಹವ್ಯಾಸಿಗಳೂ ದಿನದಿನದ ಅಂಕಿಗಳನ್ನು ಒಪ್ಪಿಸುತ್ತಾರೆ. ಒಬ್ಬನ ಊರಿನಲ್ಲಿ ಮಳೆ ಸುರಿಯುವಾಗ ಇನ್ನೊಬ್ಬನ ಊರಿನ ಬಿಸಿಲು ಆ ತೆರವನ್ನು ತುಂಬುತ್ತದೆ.

ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಡಾ. ಎ. ಪಿ. ಭಟ್ಟರಂತಹವರ ಉತ್ಸಾಹದಿಂದ ಬೆಳೆದ ಹವ್ಯಾಸಿ ಖಗೋಳ ವೀಕ್ಷಕರ ಸಂಘವು ಈ ಸೀಮೆಯ ವಿದ್ಯಾರ್ಥಿಗಳಿಗೆ ದೂರದರ್ಶಕವನ್ನು ಪರಿಚಯಿಸಿದೆ. ಆ ಕಾಲೇಜನ್ನು ಸ್ಥಾಪಿಸಿದ್ದು ಅದಮಾರು ಮಠ. ಅದೇ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳನ್ನೂ, ಅವುಗಳನ್ನು ತಡೆಯುವ ಸೌರಮಾರುತವನ್ನೂ ಅಭ್ಯಸಿಸಿದವರು. ಅದೇ ಸಾರಾಭಾಯಿಯವರು ಕಟ್ಟಿದ ಅಹಮದಾಬಾದಿನ ಭೌತಿಕ ಸಂಶೋಧನಾಲಯವು ನಿರ್ಮಿಸಿದ ಕ್ಷಕಿರಣಮಾಪಕವೊಂದು ಚಂದ್ರಯಾನ-2ರಲ್ಲಿ ಚಂದ್ರನನ್ನು ಸುತ್ತುತ್ತ ಕಳುಹಿಸಿದ ಅಂಕಿಗಳಲ್ಲಿ, 2019-20ರ ಆ ಗಾಢಶಾಂತಿಯಲ್ಲಿ ಕಲೆಯ ಸುಳಿವೇ ಇಲ್ಲದ 76 ದಿನಗಳನ್ನು ಆರಿಸಿ ಪರಿಶೀಲಿಸಿದಾಗ, ಶಾಂತವೆಂದು ನಾವು ಬಗೆದಿದ್ದ ಸೂರ್ಯನಲ್ಲಿ 98 ಸೂಕ್ಷ್ಮ ಸ್ಫೋಟಗಳು ಎಣಿಕೆಗೆ ಸಿಕ್ಕಿದವು.