ಯುದ್ಧದ ಗುಜರಿಯಲ್ಲಿ ಹುಟ್ಟಿದ ಹಸಿರು ಟಿ.ವಿ.

ಟಿ.ವಿ. ಎಂದರೆ ನಮ್ಮ ತಲೆಮಾರಿನವರಿಗೆ ಮೊದಲು ಕಪ್ಪು-ಬಿಳುಪು, ಆಮೇಲೆ ಬಣ್ಣ. ಇವೆರಡಕ್ಕೂ ಸೇರದ ಹಸಿರು ಟಿ.ವಿ. ಒಂದಿತ್ತೆಂಬುದು ನಮಗೆ ತಿಳಿದದ್ದು ತೀರ ಈಚೆಗೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನ ಸುತ್ತಮುತ್ತಲಿನ ಎಷ್ಟೋ ಮನೆಗಳಲ್ಲಿ ನಾಟಕ, ಸಂಗೀತ, ಕ್ರಿಕೆಟ್ ಎಲ್ಲವೂ ಆರಿಂಚು ಅಗಲದ ದುಂಡನೆಯ ಗಾಜಿನ ಮೇಲೆ ಹಸಿರಾಗಿ ಮೂಡುತ್ತಿದ್ದವು. ಅಂಗಡಿಯಿಂದ ಕೊಂಡುತಂದ ಸೆಟ್ಟುಗಳಲ್ಲ ಅವು. ಬಿಡುವಿನ ರಾತ್ರಿಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ಹವ್ಯಾಸಿಗಳು ತಾವೇ ಬೆಸುಗೆ ಹಾಕಿ ಕಟ್ಟಿದಂಥವು.

ಮನೆಯಲ್ಲೇ ಟಿ.ವಿ. ಕಟ್ಟುವ ಹುಚ್ಚು ಯುದ್ಧಕ್ಕಿಂತ ಹಳೆಯದು. 1930ರಲ್ಲಿ ಜಾನ್ ಲೋಗಿ ಬೇರ್ಡ್‌ನ ಕಂಪನಿ ‘ಟೆಲಿವೈಸರ್’ ಎಂಬ ಯಂತ್ರವನ್ನು 25 ಗಿನಿಗೆ ಮಾರುತ್ತಿದ್ದಾಗಲೇ, ಅದರ ಬಿಡಿಭಾಗಗಳ ಕಿಟ್ಟನ್ನು ಅದಕ್ಕಿಂತ ಕಡಿಮೆ ಬೆಲೆಗೆ ಒದಗಿಸುತ್ತಿತ್ತು. ಸುರುಳಿಯಾಕಾರದಲ್ಲಿ ರಂಧ್ರ ಕೊರೆದ ತಟ್ಟೆಯೊಂದು ನಿಯಾನ್ ದೀಪದ ಮುಂದೆ ಗಿರಗಿರನೆ ತಿರುಗಿ, ಬರಿಯ 30 ಗೆರೆಗಳ ಕೆಂಪು ಛಾಯೆಯ ಚಿತ್ರವನ್ನು ತೋರಿಸುತ್ತಿತ್ತು. ಅದನ್ನು ಕುತೂಹಲದ ಆಟಿಕೆ ಎನ್ನಬೇಕು. ನಿಜವಾದ ಪ್ರಸಾರ ಆರಂಭವಾದದ್ದು 1936ರ ನವೆಂಬರ್ 2ರಂದು, ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ. ಮರುವರ್ಷದ ಹೊತ್ತಿಗೆ ಬಿಬಿಸಿ 405 ಗೆರೆಗಳ ಪದ್ಧತಿಯೊಂದನ್ನೇ ಉಳಿಸಿಕೊಂಡಿತು. ಚಿತ್ರ ಹೊರಡುತ್ತಿದ್ದದ್ದು 45 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ. ಓದುಗರು ಈ 45 ಎಂಬ ಅಂಕಿಯನ್ನು ಕೊಂಚ ನೆನಪಿನಲ್ಲಿಡಬೇಕು.

ಅದೇ ವರ್ಷಗಳಲ್ಲಿ ಎಡ್ವರ್ಡ್ ಬೋವನ್ ಎಂಬ ವೇಲ್ಸ್‌ನ ಭೌತವಿಜ್ಞಾನಿ ವಿಮಾನದೊಳಗೆ ಹೊತ್ತೊಯ್ಯಬಹುದಾದ ರಾಡಾರನ್ನು ರೂಪಿಸಲು ಹೆಣಗುತ್ತಿದ್ದ. ಕ್ಷೀಣವಾದ ಪ್ರತಿಧ್ವನಿಯನ್ನು ಹಿಗ್ಗಿಸಿ ತೋರಿಸಬಲ್ಲ ಹಗುರವಾದ ರಿಸೀವರ್ ಅವನಿಗೆ ಬೇಕಾಗಿತ್ತು. ಮೊದಲ ಪ್ರಯೋಗಗಳಿಗೆ ಒದಗಿದ್ದು ಇಎಂಐ ಕಂಪನಿಯ ಟಿ.ವಿ. ರಿಸೀವರ್. 1939ರಲ್ಲಿ ಕೇಂಬ್ರಿಜ್ಜಿನ ಪೈ ಕಂಪನಿ ತನ್ನ ಟಿ.ವಿ.ಗಳಿಗಾಗಿ ಮಾಡಿದ್ದ, ಇಎಫ್50 ವಾಲ್ವುಗಳ ಉದ್ದನೆಯ ಪಟ್ಟಿಯೊಂದು ಅವನ ಕಣ್ಣಿಗೆ ಬಿತ್ತು. ಅದನ್ನು ಶ್ರುತಿ ಮಾಡಿದ್ದದ್ದು ಅಲೆಕ್ಸಾಂಡ್ರಾ ಪ್ಯಾಲೇಸಿನ ಆ 45 ಮೆಗಾಹರ್ಟ್ಸಿಗೇ. ಆ ವರ್ಷದ ಸೆಪ್ಟೆಂಬರ್ 1ರಂದು ಬಿಬಿಸಿಯ ಟಿ.ವಿ. ಪ್ರಸಾರ ನಿಂತಿತು, ಸುಮಾರು 20,000 ಸೆಟ್ಟುಗಳು ಕತ್ತಲಾದವು. ಆದರೆ ಟಿ.ವಿ.ಯ ಕರುಳೆನ್ನಬಹುದಾದ ಆ ಪಟ್ಟಿ ಹೆಸರು ಮರೆಸಿಕೊಂಡು ರಾತ್ರಿಯ ಯುದ್ಧವಿಮಾನಗಳೊಳಗೆ ಸೇರಿಕೊಂಡಿತು. ವಾಲ್ವಿನದ್ದೂ ಒಂದು ಸಾಹಸದ ಕಥೆಯೇ. ಇಎಫ್50 ಹುಟ್ಟಿದ್ದು ಹಾಲೆಂಡಿನ ಫಿಲಿಪ್ಸ್‌ನಲ್ಲಿ. 1940ರ ಮೇ ತಿಂಗಳಲ್ಲಿ ಜರ್ಮನರು ಆ ದೇಶದೊಳಗೆ ನುಗ್ಗುವುದಕ್ಕೆ ಸ್ವಲ್ಪವೇ ಮುನ್ನ ಅದರ ಸಾಮಗ್ರಿ ಇಂಗ್ಲೆಂಡಿಗೆ ದಾಟಿತ್ತು.

ಯುದ್ಧ ಮುಗಿಯಿತು. 1946ರ ಜೂನ್ 7ರಂದು ಅಲೆಕ್ಸಾಂಡ್ರಾ ಪ್ಯಾಲೇಸ್ ಅದೇ ಗೆರೆ, ಅದೇ ಆವರ್ತಾಂಕದೊಂದಿಗೆ ಮತ್ತೆ ಬೆಳಗಿತು. ಸರಕಾರ ಮಿಲಿಟರಿಯ ಬೇಡವಾದ ಉಪಕರಣಗಳನ್ನು ರಾಶಿರಾಶಿಯಾಗಿ ಮಾರತೊಡಗಿತ್ತು. ಲಂಡನ್ನಿನ ಲೈಲ್ ಸ್ಟ್ರೀಟಿನ ಅಂಗಡಿಗಳ ಮುಂದೆ ರಾಡಾರಿನ ಪೆಟ್ಟಿಗೆಗಳು ಪೇರಿಸಿ ನಿಂತವು. ಪೈ ಪಟ್ಟಿಯೂ ಅಲ್ಲಿತ್ತು. ಟಿ.ವಿ.ಯಿಂದ ಎರವಲು ಹೋಗಿ ಯುದ್ಧ ಮಾಡಿಬಂದ ಈ ವಸ್ತುವನ್ನು ಹವ್ಯಾಸಿಯೊಬ್ಬ ಚಿಲ್ಲರೆ ಹಣಕ್ಕೆ ಕೊಂಡು, ಮನೆಗೆ ಒಯ್ದು ಏರಿಯಲ್ಲಿಗೆ ಜೋಡಿಸಿದರೆ ಅದು ಹೆಚ್ಚು ತಕರಾರಿಲ್ಲದೆ ತನ್ನ ಹಳೆಯ ಕೆಲಸಕ್ಕೆ ಮರಳುತ್ತಿತ್ತು. ನಮಗಂತೂ ಇಡೀ ಕಥೆಯಲ್ಲಿ ಇದಕ್ಕಿಂತ ಪ್ರಿಯವಾದ ಸಂಗತಿ ಬೇರೆ ಕಾಣಲಿಲ್ಲ.

ಪರದೆಯಾಗಿ ಒದಗಿದ್ದು ವಿಸಿಆರ್97 ಎಂಬ ನಳಿಕೆ, ರಾಯಲ್ ಏರ್ ಫೋರ್ಸಿನ ಉಪಕರಣಗಳಿಂದ ಬಿಚ್ಚಿದ್ದು. ಅದರ ರಂಜಕ ಹಸಿರು ಬೆಳಕು ಸೂಸುತ್ತಿತ್ತು. ನಮ್ಮ ಕಣ್ಣು ಹಸಿರನ್ನು ಸುಲಭವಾಗಿ ಗ್ರಹಿಸುವುದರಿಂದ ಅಳತೆಯ ಉಪಕರಣಗಳಿಗೆ ಅದೇ ಅನುಕೂಲ. ಅಂಗಡಿಯ ಟಿ.ವಿ.ಗಳಲ್ಲಿ ಎಲೆಕ್ಟ್ರಾನುಗಳ ಕಿರಣವನ್ನು ಆಚೀಚೆ ಓಡಿಸಲು ತಂತಿಯ ಸುರುಳಿಗಳು ಬೇಕಿದ್ದರೆ, ಇದಕ್ಕೆ ಒಳಗಿನ ಲೋಹದ ಫಲಕಗಳಿಗೆ ವೋಲ್ಟೇಜ್ ಕೊಟ್ಟರೆ ಸಾಕಾಗುತ್ತಿತ್ತು. ಮನೆಯಲ್ಲಿ ಕೆಲಸ ಮಾಡುವವನಿಗೆ ಇದು ದೊಡ್ಡ ಅನುಕೂಲ. ತೊಂದರೆಗಳೂ ಇರದೆ ಇರಲಿಲ್ಲ. ಕೆಲವು ನಳಿಕೆಗಳಲ್ಲಿ ಕಿರಣ ಮೂಲೆಗಳನ್ನು ಮುಟ್ಟದೆ ಚಿತ್ರದ ಅಂಚು ಕತ್ತರಿಸಿಹೋಗುತ್ತಿತ್ತು. ಹೀಗಾಗಿ ‘ಪೂರ್ತಿ ಚಿತ್ರಕ್ಕೆ ಪರೀಕ್ಷಿಸಿದ್ದು’ ಎಂದು ಜಾಹೀರಾತಿನಲ್ಲಿ ಹೇಳಿಕೊಳ್ಳುವುದು ಅಂಗಡಿಯವರಿಗೆ ವಾಡಿಕೆಯಾಯಿತು.

ನಕ್ಷೆಗಳನ್ನು ಒದಗಿಸಿದವು ಹವ್ಯಾಸಿಗಳ ಪತ್ರಿಕೆಗಳು. ‘ಪ್ರಾಕ್ಟಿಕಲ್ ವೈರ್‌ಲೆಸ್’ನ ಸಂಪಾದಕ ಎಫ್.ಜೆ. ಕ್ಯಾಮ್ ಟಿ.ವಿ.ಗೆಂದೇ 1950ರಲ್ಲಿ ಪ್ರತ್ಯೇಕ ಪತ್ರಿಕೆಯನ್ನು ಹೊರಡಿಸಿದ. ಇವನ ಅಣ್ಣ ಸಿಡ್ನಿ ಕ್ಯಾಮ್ ಹರಿಕೇನ್ ಯುದ್ಧವಿಮಾನದ ವಿನ್ಯಾಸಕಾರ: ಒಬ್ಬ ವಿಮಾನ ಕಟ್ಟಿದ, ಇನ್ನೊಬ್ಬ ವಿಮಾನದ ಅವಶೇಷಗಳಿಂದ ಟಿ.ವಿ. ಕಟ್ಟುವುದನ್ನು ಕಲಿಸಿದ. ‘ವ್ಯೂ ಮಾಸ್ಟರ್’ ಎಂಬ ಹೆಸರಾಂತ ವಿನ್ಯಾಸ ಬಂದಮೇಲೆ ಗುಜರಿಯ ಹಂಗೂ ತಪ್ಪಿತು. ಪಟ್ಟಿಯಲ್ಲಿದ್ದ ಭಾಗಗಳನ್ನು ಒಂದೊಂದಾಗಿ ಕೊಂಡು 9 ಅಥವಾ 12 ಇಂಚಿನ ಬಿಳಿಯ ಪರದೆಯ ಸೆಟ್ಟನ್ನೇ ಕಟ್ಟಬಹುದಾಯಿತು.

ಇದೆಲ್ಲ ನಿರಪಾಯದ ಕೆಲಸವೆಂದು ತಿಳಿಯಬಾರದು. ವಿಸಿಆರ್97ಕ್ಕೆ ಸುಮಾರು 2,500 ವೋಲ್ಟ್ ಬೇಕು. ಅದನ್ನು ಮನೆಯ ವಿದ್ಯುತ್ತಿನಿಂದಲೇ ಟ್ರಾನ್ಸ್‌ಫಾರ್ಮರ್ ಮೂಲಕ ಪಡೆಯುತ್ತಿದ್ದರು. ಆಮೇಲಿನ ನಳಿಕೆಯ ಟಿ.ವಿ.ಗಳ ಅತಿವೋಲ್ಟೇಜಿನ ಹಿಂದೆ ಹೆಚ್ಚು ಕಸುವಿರುತ್ತಿರಲಿಲ್ಲ, ತಾಗಿದರೆ ಝಾಡಿಸಿ ಎಸೆಯುತ್ತಿತ್ತು. ಟ್ರಾನ್ಸ್‌ಫಾರ್ಮರಿನದು ಹಿಡಿದರೆ ಬಿಡುವುದಿಲ್ಲ. ಒಂದು ಕೈಯನ್ನು ಸದಾ ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡು ಎಂಬುದು ಈ ಕಸುಬಿನ ಹಳೆಯ ಬುದ್ಧಿಮಾತು.

ಹಸಿರು ಟಿ.ವಿ.ಯ ಆಯುಸ್ಸು ಸಣ್ಣದು. 1953ರ ಜೂನ್ 2ರ ರಾಣಿಯ ಪಟ್ಟಾಭಿಷೇಕದ ಹೊತ್ತಿಗೆ ಜನ ಅಂಗಡಿಯ ಸೆಟ್ಟುಗಳತ್ತ ತಿರುಗಿದ್ದರು. 1955ರಲ್ಲಿ ಬೇರೆಯೇ ಆವರ್ತಾಂಕದಲ್ಲಿ ಎರಡನೆಯ ಚಾನೆಲ್ ಬಂದಾಗ ಪೈ ಪಟ್ಟಿಗೆ ಅದು ಕೇಳಿಸಲೇ ಇಲ್ಲ. ಬಹುಪಾಲು ಸೆಟ್ಟುಗಳನ್ನು ಅವುಗಳ ಭಾಗಗಳಿಗಾಗಿ ಕಟ್ಟಿದವರೇ ಬಿಚ್ಚಿದರು.

ಅಳಿದುಳಿದವು ಈಗ ಪುನರುಜ್ಜೀವಕರ ಮೇಜಿಗೆ ಬರುತ್ತವೆ. ಕೆಲಸದ ಕ್ರಮ ಹಳೆಯ ರೇಡಿಯೊದ್ದೇ. ಸೋರುವ ಮೇಣದ ಕಾಗದದ ಕೆಪಾಸಿಟರುಗಳನ್ನು ತೆಗೆಯಬೇಕು, ಮುಟ್ಟಿದರೆ ಪುಡಿಯಾಗುವ ರಬ್ಬರ್ ತಂತಿಯನ್ನು ಬದಲಿಸಬೇಕು, ಮೊದಲ ಸಲ ವಿದ್ಯುತ್ತನ್ನು ಮೆಲ್ಲಮೆಲ್ಲನೆ ಏರಿಸಬೇಕು. ನಾಜೂಕಿನವರು ಹಳೆಯ ಕೆಪಾಸಿಟರಿನ ಹೊಟ್ಟೆ ಬಗೆದು, ಹೊಸದನ್ನು ಒಳಗಿಟ್ಟು, ಮತ್ತೆ ಮೇಣದಿಂದ ಮುಚ್ಚುತ್ತಾರೆ. 405 ಗೆರೆಗಳ ಪ್ರಸಾರ 1985ರ ಜನವರಿಯಲ್ಲೇ ನಿಂತುಹೋದ್ದರಿಂದ, ಇಂದಿನ ಚಿತ್ರವನ್ನು ಆ ಪದ್ಧತಿಗೆ ಇಳಿಸುವ ಪುಟ್ಟ ಪೆಟ್ಟಿಗೆಯೊಂದೂ ಬೇಕು.

ನಿಜವಾದ ತೊಡಕು ಇದರಾಚೆಗಿದೆ. ಕಾರ್ಖಾನೆಯ ಸೆಟ್ಟಿಗೆ ಒಂದು ಮೂಲಸ್ಥಿತಿ ಇರುತ್ತದೆ. ಅದಕ್ಕೆ ಮರಳಿಸಿದರೆ ಕೆಲಸ ಮುಗಿಯಿತು. ಮನೆಯಲ್ಲಿ ಕಟ್ಟಿದ ಸೆಟ್ಟಿನ ಮೂಲಸ್ಥಿತಿ ಯಾವುದು? ನಕ್ಷೆಯದೋ, ಕಟ್ಟಿದವನದೋ? ಹೇಳಿದ ರೆಸಿಸ್ಟರ್ ಸಿಗದೆ ಎರಡನ್ನು ಸೇರಿಸಿ ಬೆಸೆದಿರಬಹುದು, ಡಬ್ಬಿಯ ತಗಡು ಕತ್ತರಿಸಿ ತಡೆ ನಿಲ್ಲಿಸಿರಬಹುದು, ಒಂದು ತಂತಿಯನ್ನು ತಪ್ಪು ಜಾಗಕ್ಕೆ ಕೊಟ್ಟು ವರ್ಷಗಟ್ಟಲೆ ಮಸುಕಾದ ಚಿತ್ರವನ್ನೇ ನೋಡಿರಬಹುದು. ಆ ತಂತಿಯನ್ನು ಸರಿಪಡಿಸಿದರೆ ಚಿತ್ರ ನಿಚ್ಚಳವಾಗುತ್ತದೆ, ನಿಜ. ಆದರೆ ಹೆಸರೂ ಉಳಿಯದ ಆ ಮನುಷ್ಯನ ಕೈಬರಹವೆಂದು ಉಳಿದಿರುವುದು ಆ ತಪ್ಪೊಂದೇ. ಪ್ರಾಣಕ್ಕೆ ಅಪಾಯವಿರುವುದನ್ನು ಮಾತ್ರ ತಿದ್ದಿ, ಮಿಕ್ಕಿದ್ದನ್ನು ಇದ್ದಂತೆಯೇ ಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಹಸಿರು ನಳಿಕೆ ತೆಗೆದು ಬಿಳಿಯದನ್ನು ಕೂರಿಸುವವರೊಡನೆ ನಮಗೆ ಮಾತೇ ಇಲ್ಲ.

ಇಷ್ಟು ನಿಷ್ಠುರವಾಗಿ ಮಾತಾಡುವುದಕ್ಕೆ ಕಾರಣವಿದೆ. ನಾವು ಚಿಕ್ಕವರಿದ್ದಾಗ ಪುಣೆಯ ಬಾಡಿಗೆ ಮನೆಯಲ್ಲಿದ್ದದ್ದು ಹೆಸರಿಲ್ಲದ ಒಂದು ಕಪ್ಪು-ಬಿಳುಪು ಸೆಟ್ಟು. ತಂದೆಯವರ ಗೆಳೆಯರೊಬ್ಬರು ಬುಧವಾರ ಪೇಟೆಯಿಂದ ಭಾಗಗಳನ್ನು ತಂದು ಜೋಡಿಸಿಕೊಟ್ಟದ್ದು. ಚಿತ್ರನಳಿಕೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನದು. ಸೈನ್ಯಕ್ಕೆ ರಾಡಾರು ಮಾಡುವ ಸಂಸ್ಥೆಯೇ ನಮ್ಮ ಮನೆಗೂ ಗಾಜನ್ನು ಕಳಿಸಿತ್ತೆಂಬುದು ಆಗ ತಿಳಿದಿರಲಿಲ್ಲ. ತಾಯಿಯವರು ಮಾತ್ರ ನೆರೆಯವರಿಗೆಲ್ಲ ಅದು ‘ನಮ್ಮೂರ ಗಾಜು’ ಎಂದು ಹೇಳಿಕೊಳ್ಳುತ್ತಿದ್ದರು. ಚಿತ್ರದ ಬಲ ಅಂಚು ಸದಾ ಸ್ವಲ್ಪ ಬಾಗಿರುತ್ತಿತ್ತು, ಅದನ್ನು ಯಾರೂ ಸರಿಮಾಡಲಿಲ್ಲ. ಬಣ್ಣದ ಟಿ.ವಿ. ಬಂದ ವಾರ ಅದನ್ನು ರದ್ದಿಯವನಿಗೆ ಕೊಟ್ಟೆವು. ಹಿಂಬದಿಯ ಮುಚ್ಚಳದ ಒಳಗೆ ಆ ಗೆಳೆಯರು ಪೆನ್ಸಿಲಿನಲ್ಲಿ ಏನೋ ಬರೆದಿದ್ದರು. ಒಮ್ಮೆಯೂ ನಾವು ಅದನ್ನು ಓದಿ ನೋಡಲಿಲ್ಲ.