ಗುಳ್ಳೆಯೊಳಗಿನ ಅಕ್ಷರ ಬರೆದವರು ಯಾರು?

ಮೊನ್ನೆ ಭಾನುವಾರ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಇಳಿಸಿ ಧೂಳು ಹೊಡೀತಾ ಇದ್ದೆ. ನಾನೇ ಮಾಡಿದ ಒಂದು ಪಾಪದ ಕೆಲಸದ ಪ್ರತಿ ಸಿಕ್ಕಿತು. ಎಷ್ಟೋ ವರ್ಷಗಳ ಹಿಂದೆ ಗೆಳೆಯರೊಬ್ಬರು ಮಕ್ಕಳಿಗಾಗಿ ನಡೆಸುತ್ತಿದ್ದ ಪುಟ್ಟ ಪತ್ರಿಕೆಗೆ ಒಂದು ಇಂಗ್ಲಿಷ್ ಚಿತ್ರಕಥೆಯನ್ನು ಕನ್ನಡಕ್ಕೆ ತಂದಿದ್ದೆ. ಅನುವಾದ ನನ್ನದು, ಗುಳ್ಳೆ ತುಂಬಿಸುವ ಕೆಲಸವೂ ನನ್ನದೇ. ಕಂಪ್ಯೂಟರಿನಲ್ಲಿ ಪುಟ ತೆರೆದು, ಇಂಗ್ಲಿಷ್ ಅಕ್ಷರಗಳನ್ನೆಲ್ಲ ಬಿಳಿ ಬಣ್ಣ ಬಳಿದು ಅಳಿಸಿ, ಅದರ ಮೇಲೆ ಕನ್ನಡ ಟೈಪ್ ಮಾಡಿ ಕೂರಿಸೋದು. ಎರಡು ರಾತ್ರಿಯಲ್ಲಿ ಮುಗಿಸಿ ಬೆನ್ನು ತಟ್ಟಿಕೊಂಡಿದ್ದೆ.

ಆ ಕಥೆಯಲ್ಲಿ ಒಬ್ಬ ಅಜ್ಜಿ. ಹಾಸಿಗೆ ಹಿಡಿದಿದ್ದಾಳೆ, ಮೊಮ್ಮಗನನ್ನು ಹತ್ತಿರ ಕರೆದು ಏನೋ ಹೇಳ್ತಾಳೆ. ಮೂಲದಲ್ಲಿ ಆ ಗುಳ್ಳೆ ತುಂಬಾ ದೊಡ್ಡದಿತ್ತು, ಒಳಗಿನ ಅಕ್ಷರ ಮಾತ್ರ ಇರುವೆಯಷ್ಟು. ನನಗೆ ಜಾಗ ಸುಮ್ಮನೆ ಹಾಳಾಗ್ತಿದೆ ಅನ್ನಿಸಿತು. ಕನ್ನಡದ ಅಕ್ಷರವನ್ನು ಗುಳ್ಳೆ ತುಂಬುವಷ್ಟು ದೊಡ್ಡದು ಮಾಡಿಬಿಟ್ಟೆ. ಪತ್ರಿಕೆ ಬಂದ ಮೇಲೆ ಅಕ್ಕನ ಮಗಳು ಓದಿ ಕೇಳಿದಳು: "ಮಾಮಾ, ಈ ಅಜ್ಜಿ ಯಾಕೆ ಹೀಗೆ ಕಿರುಚ್ತಾಳೆ?"

ಅಜ್ಜಿ ಪಿಸುಗುಟ್ಟುತ್ತಿದ್ದಳು! ದೊಡ್ಡ ಗುಳ್ಳೆಯ ನಡುವೆ ಸಣ್ಣ ಅಕ್ಷರ ಬರೆದರೆ ಪಿಸುಮಾತು ಅಂತ ಅರ್ಥ. ಸುತ್ತಲಿನ ಖಾಲಿ ಜಾಗವೇ ಅವಳ ನಿಶ್ಶಕ್ತಿ. ಯಾರೋ ಒಬ್ಬರು ಯೋಚಿಸಿ ಬರೆದದ್ದನ್ನು ನಾನು ಬಿಳಿ ಬಣ್ಣ ಬಳಿದು ಅಳಿಸಿದ್ದೆ. ಅಂದಿನಿಂದ ಕಾಮಿಕ್ಸ್ ಓದುವಾಗ ಚಿತ್ರಕ್ಕಿಂತ ಮೊದಲು ಅಕ್ಷರ ನೋಡೋದು ಅಭ್ಯಾಸ ಆಗಿಹೋಯಿತು.

ಹಾಗೆ ನೋಡ್ತಾ ನೋಡ್ತಾ ಸಿಕ್ಕವರು ವಿಲ್ ಐಸ್ನರ್. 1917ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಅಪ್ಪ ಯಿಡ್ಡಿಷ್ ನಾಟಕಗಳಿಗೆ ಪರದೆ ಬರೆಯುತ್ತಿದ್ದ ಕಲಾವಿದ. (ನಮ್ಮ ವೃತ್ತಿ ನಾಟಕ ಕಂಪನಿಗಳ ಸೀನರಿ ಪರದೆ ನೆನಪು ಮಾಡಿಕೊಳ್ಳಿ.) ಮಗನ ಚಿತ್ರಗಳಲ್ಲೂ ರಂಗಸ್ಥಳದ ಬೆಳಕು ನೆರಳು ಕಾಣುತ್ತೆ. 1940ರ ಜೂನ್ 2ರಂದು ಅವರ 'ದಿ ಸ್ಪಿರಿಟ್' ಶುರುವಾಯಿತು. ಅದು ಅಂಗಡಿಯಲ್ಲಿ ಮಾರುವ ಕಾಮಿಕ್ಸ್ ಅಲ್ಲ, ಭಾನುವಾರದ ದಿನಪತ್ರಿಕೆಯ ಜೊತೆ ಬರುತ್ತಿದ್ದ 16 ಪುಟಗಳ ಪುರವಣಿ. ಮುಂದೆ ಇದು ಸುಮಾರು 20 ಪತ್ರಿಕೆಗಳ ಜೊತೆ ಐವತ್ತು ಲಕ್ಷ ಮನೆಗಳಿಗೆ ಹೋಗುತ್ತಿತ್ತು. ಪತ್ರಿಕೆಗಳಿಗೆ ಬೇಕಿದ್ದದ್ದು ಒಬ್ಬ ಸೂಪರ್‌ಹೀರೋ. ಐಸ್ನರ್ ತಮ್ಮ ಪತ್ತೇದಾರನಿಗೆ ಒಂದು ಕಣ್ಣಿನ ಮುಖವಾಡ, ಒಂದು ಜೊತೆ ಕೈಗವಸು ಹಾಕಿ 'ತಗೊಳ್ಳಿ' ಅಂದರು. ಉಳಿದಂತೆ ಅವನು ಮಾಮೂಲಿ ಕೋಟು ಹ್ಯಾಟಿನ ಮನುಷ್ಯ, ವಾರಕ್ಕೊಮ್ಮೆ ಚೆನ್ನಾಗಿ ಏಟು ತಿನ್ನುತ್ತಿದ್ದ.

ಪುರವಣಿಗೆ ಬೇರೆ ರಕ್ಷಾಪುಟ ಇರಲಿಲ್ಲ. ಮೊದಲ ಪುಟವೇ ಮುಖಪುಟ, ಕಥೆ ಶುರುವಾಗುವುದೂ ಅಲ್ಲಿಂದಲೇ. ಭಾನುವಾರ ಬೆಳಿಗ್ಗೆ ಕಾಫಿ ಕುಡೀತಾ ಪತ್ರಿಕೆ ಮಗುಚುವವನನ್ನು ಆ ಒಂದೇ ಪುಟ ಹಿಡಿದು ನಿಲ್ಲಿಸಬೇಕು. ಬೇರೆಯವರಾಗಿದ್ದರೆ ಮೇಲೆ ಹೆಸರಿನ ಪಟ್ಟಿ ಅಚ್ಚು ಹಾಕಿ ಕೆಳಗೆ ಚಿತ್ರ ಬರೆದು ಮುಗಿಸುತ್ತಿದ್ದರು. ಯಾವ ಪತ್ರಿಕೆಗಾದರೂ ತನ್ನ ಹೆಸರು ಪ್ರತಿವಾರ ಒಂದೇ ಥರ ಕಾಣಬೇಕು ಅನ್ನೋ ಹಟ ಇರುತ್ತೆ ತಾನೆ? ಐಸ್ನರ್ ಅದನ್ನೇ ಮುರಿದರು. ಒಂದು ವಾರ 'ದಿ ಸ್ಪಿರಿಟ್' ಅನ್ನುವ ಅಕ್ಷರಗಳೇ ಎತ್ತರದ ಕಟ್ಟಡಗಳಾಗಿ ನಿಂತಿರುತ್ತವೆ, ಅವುಗಳ ಕಾಲಬುಡದಲ್ಲಿ ನಾಯಕ ನಡೆದು ಹೋಗುತ್ತಿರುತ್ತಾನೆ. ಇನ್ನೊಂದು ವಾರ ಗಾಳಿಗೆ ಹಾರುವ ಹರಿದ ಕಾಗದದ ಚೂರುಗಳ ಮೇಲೆ ಅದೇ ಹೆಸರು. ಅಕ್ಷರ ಕಥೆಯ ಹೊರಗಿನ ಬೋರ್ಡ್ ಅಲ್ಲ, ಕಥೆ ನಡೆಯುವ ಊರಿನ ಒಂದು ಗೋಡೆ. ಮೊದಲ ಸಲ ನೋಡಿದಾಗ ಹೆಸರು ಎಲ್ಲಿದೆ ಅಂತ ಹುಡುಕಿ, ಆಮೇಲೆ ಅದರ ಮೇಲೇ ಕಣ್ಣಾಡಿಸುತ್ತಿದ್ದೇನೆ ಅಂತ ಗೊತ್ತಾಗಿ ನಗು ಬಂತು.

ಯುದ್ಧ ಮುಗಿಸಿ ಸೈನ್ಯದಿಂದ 1945ರ ಕೊನೆಗೆ ವಾಪಸಾದ ಮೇಲಿನ ಐದಾರು ವರ್ಷ ಐಸ್ನರ್ ಅವರ ಅತ್ಯುತ್ತಮ ಕಾಲ ಅನ್ನೋದು ನನ್ನ ಅಭಿಪ್ರಾಯ. 1948ರ ಸೆಪ್ಟೆಂಬರಿನ ಒಂದು ಕಥೆಯಲ್ಲಿ ಗೆರ್ಹಾರ್ಡ್ ಶ್ನಾಬಲ್ ಅನ್ನುವ ಸಾಮಾನ್ಯ ಮನುಷ್ಯನಿಗೆ ಹಾರಲು ಬರುತ್ತೆ. ಲೋಕಕ್ಕೆ ತೋರಿಸಬೇಕು ಅಂತ ಎತ್ತರದ ಕಟ್ಟಡದ ಮೇಲಿಂದ ಹಾರುತ್ತಾನೆ. ಅದೇ ಹೊತ್ತಿಗೆ ಮೇಲೆ ನಡೆಯುತ್ತಿದ್ದ ಹೊಡೆದಾಟದ ದಾರಿತಪ್ಪಿದ ಗುಂಡು ತಗುಲಿ ಸಾಯುತ್ತಾನೆ. ಅವನು ಹಾರಿದ್ದನ್ನು ಯಾರೂ ನೋಡಲೇ ಇಲ್ಲ. 1949ರ 'ಟೆನ್ ಮಿನಿಟ್ಸ್' ಒಬ್ಬ ಹುಡುಗನ ಕೊನೆಯ ಹತ್ತು ನಿಮಿಷದ ಕಥೆ, ಓದಲೂ ಅಷ್ಟೇ ಹೊತ್ತು ಹಿಡಿಯಬೇಕು ಅನ್ನುವುದು ಲೆಕ್ಕ. ನಾಯಕನಿಗೆ ಈ ಎರಡರಲ್ಲೂ ಹೆಚ್ಚು ಕೆಲಸವೇ ಇಲ್ಲ.

ಇಷ್ಟೆಲ್ಲ ಐಸ್ನರ್ ಒಬ್ಬರೇ ಮಾಡಿದರು ಅಂದುಕೊಂಡರೆ ತಪ್ಪು. ಅವರ ಸ್ಟುಡಿಯೋದಲ್ಲಿ ಗುಳ್ಳೆಯ ಅಕ್ಷರ ಬರೆಯುತ್ತಿದ್ದವರು ಏಬ್ ಕೇನೆಗ್ಸನ್. ಯುದ್ಧಾನಂತರದ ಸ್ಪಿರಿಟ್ ಪುಟಗಳಲ್ಲಿ ಕಾಣುವ ಪತ್ರದ ಕೈಬರಹ, ಹಳೇ ಕಾಲದ ಪುಸ್ತಕದ ಅಲಂಕಾರದ ಅಕ್ಷರ, ಅಂಗಡಿ ಬೋರ್ಡು ಇವೆಲ್ಲದರಲ್ಲಿ ಅವರ ಕೈಯಿದೆ. ಐಸ್ನರ್ ಹೆಸರಿನಲ್ಲಿ 1988ರಿಂದ ಕಾಮಿಕ್ಸ್‌ಗೆ ದೊಡ್ಡ ಪ್ರಶಸ್ತಿ ಇದೆ. ಕೇನೆಗ್ಸನ್ ಹೆಸರು ಕಾಮಿಕ್ಸ್ ಓದುವವರಲ್ಲೂ ಎಷ್ಟು ಜನರಿಗೆ ಗೊತ್ತು? ನಾನು ಅಳಿಸಿದ ಆ ಇಂಗ್ಲಿಷ್ ಪುಟಗಳ ಅಕ್ಷರ ಯಾರದ್ದು ಅಂತ ನಾನೂ ನೋಡಿರಲಿಲ್ಲ.

ಅದೇ ಕಾಲದಲ್ಲಿ ವಾಲ್ಟ್ ಕೆಲ್ಲಿ ತಮ್ಮ 'ಪೋಗೋ' ಪಟ್ಟಿಯಲ್ಲಿ ಇನ್ನೊಂದು ತಮಾಷೆ ಮಾಡಿದರು. ಅದರಲ್ಲಿ ಪಾದ್ರಿಯಂತೆ ಉಪದೇಶ ಮಾಡುವ ಡೀಕನ್ ಮಶ್‌ರಾಟ್ ಅನ್ನುವ ಪ್ರಾಣಿ ಹಳೇ ಬೈಬಲ್ಲಿನ ಗಾಥಿಕ್ ಅಕ್ಷರದಲ್ಲಿ ಮಾತಾಡುತ್ತೆ. ಪಿ. ಟಿ. ಬ್ರಿಡ್ಜ್‌ಪೋರ್ಟ್ ಅನ್ನುವ ಕರಡಿಯ ಮಾತು ಸರ್ಕಸ್ ಪೋಸ್ಟರಿನ ಹಾಗೆ. ಅಂದರೆ ಬಾಯಿ ತೆರೆಯುವ ಮೊದಲೇ ಆಸಾಮಿ ಎಂಥವನು ಅಂತ ಗೊತ್ತಾಗುತ್ತೆ. 'ಆಸ್ಟೆರಿಕ್ಸ್' ಓದಿದವರಿಗೆ ಈ ಆಟ ಗೊತ್ತೇ ಇದೆ. 1963ರಲ್ಲಿ ಪುಸ್ತಕವಾಗಿ ಬಂದ ಗಾಥರ ಕಥೆಯಲ್ಲಿ ಗಾಥರೆಲ್ಲ ಗಾಥಿಕ್ ಅಕ್ಷರದಲ್ಲೇ ಜಗಳ ಆಡ್ತಾರೆ.

ಇದಕ್ಕೆ ಪೂರ್ತಿ ವಿರುದ್ಧ ಇದ್ದದ್ದು 1950ರ ದಶಕದ ಇ.ಸಿ. ಕಾಮಿಕ್ಸ್. ಅವರ ಹೆಚ್ಚಿನ ಪತ್ರಿಕೆಗಳಲ್ಲಿ ಅಕ್ಷರ ಬರೆಯುತ್ತಿದ್ದದ್ದು ಲೆರಾಯ್ ಅನ್ನುವ ಸಾಧನದಿಂದ. ಇಂಜಿನಿಯರುಗಳು ನಕ್ಷೆಯ ಮೇಲೆ ಹೆಸರು ಬರೆಯುವ ಅಚ್ಚು ಅದು. ಎಲ್ಲರ ದನಿಯೂ ಒಂದೇ, ಕೊಲೆಗಾರನದೂ ಅದೇ, ಪೊಲೀಸಿನವನದೂ ಅದೇ. ಅದೇ ಸಂಸ್ಥೆಯಲ್ಲಿದ್ದ ಹಾರ್ವಿ ಕರ್ಟ್ಸ್‌ಮನ್ ಮಾತ್ರ ತಮ್ಮ ಯುದ್ಧ ಕಥೆಗಳಿಗೆ ಬೆನ್ ಓಡಾ ಅವರ ಕೈಬರಹವನ್ನೇ ಬಳಸಿದರು. ಇನ್ನೊಂದು ಕಷ್ಟ ಅಂದರೆ ಅಲ್ಲಿ ಅಕ್ಷರ ತುಂಬಿಸಿ, ಚೌಕಟ್ಟು ಹಾಕಿದ ಹಾಳೆಯೇ ಚಿತ್ರಕಾರನ ಕೈಗೆ ಬರುತ್ತಿತ್ತು. 1955ರಲ್ಲಿ ಬರ್ನಾರ್ಡ್ ಕ್ರಿಗ್‌ಸ್ಟೈನ್‌ಗೆ ಹೀಗೆ 'ಮಾಸ್ಟರ್ ರೇಸ್' ಅನ್ನುವ ಆರು ಪುಟದ ಕಥೆ ಬಂತು. ನಾಜಿ ಶಿಬಿರದ ಹಳೇ ಅಧಿಕಾರಿಯೊಬ್ಬ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ತನ್ನ ಗತವನ್ನು ಎದುರಿಸುವ ಕಥೆ. ಕ್ರಿಗ್‌ಸ್ಟೈನ್ ಹನ್ನೆರಡು ಪುಟ ಕೇಳಿದರು, ಎಂಟು ಸಿಕ್ಕಿತು. ಅಕ್ಷರ ಬರೆದ ಹಾಳೆಗಳನ್ನು ಕತ್ತರಿಸಿ, ಮತ್ತೆ ಜೋಡಿಸಿ, ಒಂದು ಕ್ಷಣವನ್ನು ಸಣ್ಣ ಸಣ್ಣ ಚೌಕಟ್ಟುಗಳಾಗಿ ಸೀಳಿದರು. ಓಡುವ ರೈಲಿನ ಕಿಟಕಿಯಲ್ಲಿ ಒಂದೇ ಮುಖ ಮತ್ತೆ ಮತ್ತೆ ಕಂಡು ಮಾಯವಾಗುವ ಆ ಕೊನೆಯ ಪುಟದಲ್ಲಿ ಮಾತು ಬಹುತೇಕ ನಿಂತುಹೋಗುತ್ತೆ. ದನಿಯಿಲ್ಲದ ಅಕ್ಷರದಿಂದ ಪಾರಾಗಲು ಅವರು ಕಂಡುಕೊಂಡ ದಾರಿ ಮೌನ.

ಐಸ್ನರ್ ಕಥೆ ಪೂರ್ತಿ ಮಾಡ್ತೀನಿ. ಸ್ಪಿರಿಟ್ 1952ರಲ್ಲಿ ನಿಂತಿತು. 1978ರಲ್ಲಿ ಅವರು 'ಎ ಕಾಂಟ್ರ್ಯಾಕ್ಟ್ ವಿತ್ ಗಾಡ್' ತಂದರು. ದತ್ತು ಮಗಳನ್ನು ಕಳಕೊಂಡ ಫ್ರಿಮ್ಮೆ ಹೆರ್ಷ್, ದೇವರು ತನ್ನ ಜೊತೆಗಿನ ಕರಾರು ಮುರಿದ ಅಂತ ಜಗಳಕ್ಕೆ ನಿಲ್ಲುವ ಕಥೆ. ಕರಾರು ಬರೆದದ್ದು ಕಲ್ಲಿನ ಮೇಲೆ. ಹೆಸರಿನ ಪುಟದ ಅಕ್ಷರಗಳೂ ಕಲ್ಲಿನಲ್ಲಿ ಕೆತ್ತಿದ, ಹೀಬ್ರೂ ಛಾಯೆಯ ಅಕ್ಷರಗಳೇ. ಮಗಳನ್ನು ಮಣ್ಣು ಮಾಡಿ ಅವನು ಮಳೆಯಲ್ಲಿ ಮನೆಗೆ ನಡೆದು ಬರುವಾಗ ಮೆಟ್ಟಿಲು, ಹ್ಯಾಟು, ಬೆನ್ನು ಎಲ್ಲದರಿಂದಲೂ ನೀರು. (ಐಸ್ನರ್ ಮಳೆಗೆ ಕರ್ಟ್ಸ್‌ಮನ್ 'ಐಸನ್‌ಶ್ಪ್ರಿಟ್ಸ್' ಅಂತಲೇ ಹೆಸರಿಟ್ಟಿದ್ದರು.) ಐಸ್ನರ್ ಅವರ ಸ್ವಂತ ಮಗಳು ಆಲಿಸ್ ಹದಿಹರೆಯದಲ್ಲೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಅದನ್ನು ಅವರು ಹೊರಗೆ ಹೇಳಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ಇದು ಗೊತ್ತಾದ ಮೇಲೆ ಆ ಪುಟಗಳನ್ನು ಮತ್ತೆ ತೆಗೆದು ನೋಡಿದೆ. ಆ ಕಲ್ಲಿನ ಅಕ್ಷರವನ್ನು ಅಳಿಸಿ ಒಂದು ಫಾಂಟು ಕೂರಿಸಿದರೆ ಏನು ಉಳಿಯುತ್ತೆ ಹೇಳಿ? ಐಸ್ನರ್ 2005ರ ಜನವರಿಯಲ್ಲಿ ತೀರಿಕೊಂಡರು.

ಈಗ ಅಮೆರಿಕದಲ್ಲೂ ಅಕ್ಷರ ಬಹುತೇಕ ಕಂಪ್ಯೂಟರಿನದ್ದೇ. ಅಂದ ಹಾಗೆ, ನಮ್ಮ ಆಫೀಸುಗಳ ನೋಟಿಸ್ ಬೋರ್ಡಿನಲ್ಲಿ ಮೆರೆದ ಕಾಮಿಕ್ ಸಾನ್ಸ್ ಕೂಡ ಇದೇ ವಂಶದ್ದು. 1994ರಲ್ಲಿ ಮೈಕ್ರೋಸಾಫ್ಟಿನ ವಿನ್ಸೆಂಟ್ ಕೊನೇರ್ ಅದನ್ನು ಮಾಡಿದಾಗ ಎದುರಿಗೆ ಇಟ್ಟುಕೊಂಡದ್ದು ಕಾಮಿಕ್ಸ್ ಪುಸ್ತಕಗಳನ್ನೇ.

ಕನ್ನಡದ ಕಷ್ಟ ಬೇರೆ ಥರದ್ದು. ನಮ್ಮ ಕಾರ್ಕಳದ ಅನಂತ ಪೈ ಅವರ ಅಮರ ಚಿತ್ರಕಥೆ ನೋಡುತ್ತಾ ಬೆಳೆದವನು ನಾನು, ಆದರೂ ಗುಳ್ಳೆ ತುಂಬಿಸಲು ಕೂತ ಮೇಲೇ ಇದು ಅರ್ಥವಾದದ್ದು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಹೆಚ್ಚಾಗಿ ಎಲ್ಲವೂ ದೊಡ್ಡಕ್ಷರ. ಎಲ್ಲಕ್ಕೂ ಒಂದೇ ಎತ್ತರ, ಕೆಳಗೆ ಬಾಲ ಇಲ್ಲ, ಸಾಲಿನ ಕೆಳಗೆ ಸಾಲು ಇಟ್ಟಿಗೆ ಜೋಡಿಸಿದ ಹಾಗೆ ಕೂರುತ್ತೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರ', 'ಸ್ತ್ರೀ' ಅಂತ ಬಂತೋ, ಒತ್ತಿನ ಕೆಳಗೆ ಇನ್ನೊಂದು ಒತ್ತು ಬಂದು ಮುಂದಿನ ಸಾಲಿನ ತಲೆ ಮೇಲೆ ಕೂರುತ್ತೆ. ಇಂಗ್ಲಿಷಿನ ಐದು ಸಾಲಿನ ಜಾಗದಲ್ಲಿ ನಮಗೆ ಮೂರೇ ಸಾಲು. ಮತ್ತೆ ಅಚ್ಚಿನ ಲೆಕ್ಕ: ಮಾತೆಲ್ಲ ಕಪ್ಪಿನಲ್ಲಿದ್ದರೆ ಭಾಷೆ ಬದಲಾಯಿಸಲು ಕಪ್ಪು ಪ್ಲೇಟು ಒಂದನ್ನೇ ಬದಲಿಸಿದರೆ ಸಾಕು. ಬಣ್ಣದಲ್ಲಿ ಬರೆದ ಸದ್ದುಗಳನ್ನು ಮುಟ್ಟಿದರೆ ಖರ್ಚು. ನಾನೂ ನನ್ನ ಪುಟಗಳಲ್ಲಿ 'ಬೂಮ್' ಅನ್ನೋದನ್ನು ಇಂಗ್ಲಿಷಿನಲ್ಲೇ ಬಿಟ್ಟಿದ್ದೆ.

ಅಕ್ಕನ ಮಗಳ ಮಾತು ಕೇಳಿದ ಮೇಲೆ ಮುಂದಿನ ಸಂಚಿಕೆಗೆ ನಮ್ಮೂರಿನ ಬೋರ್ಡು ಬರೆಯುವ ಹಿರಿಯರೊಬ್ಬರ ಹತ್ತಿರ ಹೋದೆ. ಲಾರಿಗಳ ಮೇಲೆ, ಅಂಗಡಿಗಳ ಮೇಲೆ ಬರೆದು ಬರೆದು ಪಳಗಿದ ಕೈ. ಬಾಗಿಲು ಬೀಳುವ ಒಂದು ಸದ್ದು ಬೇಕಿತ್ತು. "'ಧಡಾರ್' ಅಂತ ಬರೆದುಕೊಡಿ ಸ್ವಾಮಿ" ಅಂದೆ. ಅವರು ಬ್ರಷ್ ಹಿಡಿದುಕೊಂಡೇ ಕೇಳಿದರು: "ಮರದ ಬಾಗಿಲೋ, ತಗಡಿನ ಬಾಗಿಲೋ?"

ಚಿತ್ರ ನೋಡಿ ಹೇಳ್ತೀನಿ ಅಂತ ಮನೆಗೆ ಓಡಿ ಬಂದೆ.