ಯಾವ ರಾಜ್ಯ ಒಳ್ಳೆಯದು? ಯಾರಿಗೆ?

ಬೆಂಗಳೂರು, ಮೈಸೂರುಗಳ ಬಡಾವಣೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳು ಈಗ ಅಪರೂಪವಲ್ಲ. ಅಂಥ ಮನೆಗಳ ಮಾತುಕತೆಯಲ್ಲಿ ಆಗಾಗ ಒಂದು ಸುದ್ದಿ ಕಿವಿಗೆ ಬೀಳುತ್ತದೆ: ‘ಕ್ಯಾಲಿಫೋರ್ನಿಯಾ ಬಿಟ್ಟು ಟೆಕ್ಸಾಸ್‌ಗೆ ಹೋಗ್ತಾರಂತೆ. ಅಲ್ಲಿ ರಾಜ್ಯದ ಇನ್‌ಕಂ ಟ್ಯಾಕ್ಸ್ ಇಲ್ಲವಂತೆ, ಮನೆಯೂ ಅಗ್ಗವಂತೆ.’ ಕೇಳಿದವರಿಗೆ ಅಚ್ಚರಿ. ಒಂದೇ ದೇಶದಲ್ಲಿ ಒಂದು ಕಡೆ ತೆರಿಗೆ, ಇನ್ನೊಂದು ಕಡೆ ಇಲ್ಲವೆಂದರೆ ಹೇಗೆ?

ನಮ್ಮಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಬೆಂಗಳೂರಿನಲ್ಲಿದ್ದರೂ ಒಂದೇ, ಪಟ್ನಾದಲ್ಲಿದ್ದರೂ ಒಂದೇ. ಅಮೆರಿಕದಲ್ಲಿ ಹಾಗಲ್ಲ. ಕೇಂದ್ರದ ತೆರಿಗೆಯ ಜೊತೆಗೆ ರಾಜ್ಯಗಳೂ ತಮಗೆ ಬೇಕಾದಂತೆ ತೆರಿಗೆ ಹಾಕಬಹುದು, ಹಾಕದೆಯೂ ಇರಬಹುದು. ಸಂವಿಧಾನವು ಕೇಂದ್ರಕ್ಕೆ ಕೊಡದ, ರಾಜ್ಯಗಳಿಗೆ ನಿಷೇಧಿಸದ ಅಧಿಕಾರಗಳೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದೆಂದು 1791ರ ಹತ್ತನೇ ತಿದ್ದುಪಡಿ ಹೇಳಿತು. ಮದುವೆ, ವಿಚ್ಛೇದನ, ಶಾಲೆ, ಜೂಜು, ಜಮೀನು ಇವೆಲ್ಲ ಬಹುಮಟ್ಟಿಗೆ ರಾಜ್ಯಗಳ ಕೈಯಲ್ಲೇ ಉಳಿದವು. ಹಾಗಾಗಿ ಅಲ್ಲಿ ರಾಜ್ಯದ ಗಡಿ ದಾಟುವುದೆಂದರೆ ಬರೀ ಊರು ಬದಲಿಸುವುದಲ್ಲ, ತನ್ನನ್ನು ಆಳುವ ಕಾನೂನನ್ನೇ ಬದಲಿಸುವುದು.

ಯಾವ ರಾಜ್ಯದಲ್ಲಿ ಬಾಳುವುದು ಮೇಲು ಎಂಬ ಚರ್ಚೆ ಅಲ್ಲಿ ಇಂದು ನಿನ್ನೆಯದಲ್ಲ. ಆದರೆ ಅದರ ಚರಿತ್ರೆಯನ್ನು ಬಿಡಿಸಿ ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಯಾವ ರಾಜ್ಯವೂ ಎಲ್ಲರಿಗೂ ಒಳ್ಳೆಯದಾಗಿರಲಿಲ್ಲ. ಒಬ್ಬನಿಗೆ ಸ್ವರ್ಗವಾದ ರಾಜ್ಯವೇ ಅದೇ ಹೊತ್ತಿನಲ್ಲಿ ಇನ್ನೊಬ್ಬನಿಗೆ ಬಾಗಿಲು ಮುಚ್ಚಿತ್ತು.

ಹೆಂಗಸರಿಗೆ ಮತ, ಚೀನೀಯರಿಗೆ ಬೆಂಕಿ

ವಯೋಮಿಂಗ್ ಇಂದಿಗೂ ಅಮೆರಿಕದ ಅತ್ಯಂತ ಕಡಿಮೆ ಜನಸಂಖ್ಯೆಯ ರಾಜ್ಯ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 5.77 ಲಕ್ಷ ಮಂದಿ. ಅದು ಪೂರ್ಣ ರಾಜ್ಯವಾಗುವ ಮೊದಲೇ, 1869ರ ಡಿಸೆಂಬರ್‌ನಲ್ಲಿ, ಅಲ್ಲಿನ ಶಾಸನಸಭೆ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟಿತು. ಇಡೀ ದೇಶದ ಹೆಂಗಸರು ಸಂವಿಧಾನದ ತಿದ್ದುಪಡಿಯ ಮೂಲಕ ಆ ಹಕ್ಕು ಪಡೆದದ್ದು 1920ರಲ್ಲಿ, ಅಂದರೆ ಅರ್ಧ ಶತಮಾನದ ನಂತರ. 1870ರಲ್ಲಿ ಸೌತ್ ಪಾಸ್ ಸಿಟಿ ಎಂಬ ಗಣಿ ಊರಿನಲ್ಲಿ ಎಸ್ತರ್ ಮಾರಿಸ್ ಎಂಬಾಕೆ ನ್ಯಾಯಾಧಿಕಾರಿಯ ಸ್ಥಾನದಲ್ಲಿ ಕುಳಿತಳು. ದೇಶದಲ್ಲೇ ಅಂಥ ಹುದ್ದೆ ಪಡೆದ ಮೊದಲ ಮಹಿಳೆ ಆಕೆ.

ಇದು ಕೇವಲ ಉದಾರ ಮನಸ್ಸಿನ ಫಲವಲ್ಲ. ಅಲ್ಲಿ ಗಂಡಸರ ಸಂಖ್ಯೆ ಹೆಂಗಸರಿಗಿಂತ ಹಲವು ಪಟ್ಟು ಹೆಚ್ಚಿತ್ತು. ಕುಟುಂಬಗಳು ಬಂದು ನೆಲೆಸಬೇಕು, ಪ್ರಾಂತಕ್ಕೆ ಹೆಸರು ಬರಬೇಕು ಎಂಬ ಲೆಕ್ಕಾಚಾರವೂ ಆ ನಿರ್ಧಾರದ ಹಿಂದೆ ಇತ್ತು.

ಅದೇ ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್ ಎಂಬ ಊರಿನ ಕಲ್ಲಿದ್ದಲು ಗಣಿಯಲ್ಲಿ ಚೀನೀ ಕಾರ್ಮಿಕರೂ ದುಡಿಯುತ್ತಿದ್ದರು. 1885ರ ಸೆಪ್ಟೆಂಬರ್ 2ರಂದು ಬಿಳಿಯ ಗಣಿಗಾರರ ಗುಂಪು ಅವರ ಕೇರಿಗೆ ನುಗ್ಗಿ ಬೆಂಕಿ ಹಚ್ಚಿತು. ಕನಿಷ್ಠ 28 ಮಂದಿ ಚೀನೀಯರು ಸತ್ತರು. ಯಾರಿಗೂ ಶಿಕ್ಷೆಯಾಗಲಿಲ್ಲ. ಬಿಳಿಯ ಹೆಣ್ಣಿಗೆ ಗೌರವ ಕೊಡುವುದರಲ್ಲಿ ದೇಶಕ್ಕೇ ಮುಂದಿದ್ದ ನೆಲ, ಚೀನೀ ಕೂಲಿಯ ಪಾಲಿಗೆ ಸ್ಮಶಾನವಾಯಿತು.

ಆರು ವಾರದ ವಾಸ

ಕಾನೂನನ್ನೇ ಸರಕಿನಂತೆ ಮಾರಿ ಬದುಕಿದ ರಾಜ್ಯ ನೆವಾಡಾ. ಮರುಭೂಮಿಯ ನಾಡು, ಬೆಳ್ಳಿ ಗಣಿಗಳ ವೈಭವ ಮುಗಿದಿತ್ತು. ಆರ್ಥಿಕ ಕುಸಿತದ ದಿನಗಳಲ್ಲಿ, 1931ರಲ್ಲಿ, ಅದು ಎರಡು ಕಾನೂನು ತಂದಿತು. ಒಂದು, ಜೂಜನ್ನು ಸಕ್ರಮಗೊಳಿಸಿದ್ದು. ಇನ್ನೊಂದು, ಆರು ವಾರ ವಾಸವಿದ್ದವರಿಗೆಲ್ಲ ವಿಚ್ಛೇದನ ಪಡೆಯಲು ಅವಕಾಶ ಕೊಟ್ಟದ್ದು.

ಆಗ ನ್ಯೂಯಾರ್ಕ್ ರಾಜ್ಯದಲ್ಲಿ ವ್ಯಭಿಚಾರ ಸಾಬೀತಾದ ಹೊರತು ವಿಚ್ಛೇದನ ಸಿಗುತ್ತಿರಲಿಲ್ಲ. ಆ ಕಾನೂನು ಸಡಿಲವಾಗಲು 1966ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಹಣವುಳ್ಳವರು ರೈಲು ಹತ್ತಿ ನೆವಾಡಾದ ರೀನೋ ನಗರಕ್ಕೆ ಬಂದು, ಸುತ್ತಮುತ್ತಲಿನ ರ‍್ಯಾಂಚ್‌ಗಳಲ್ಲಿ ಆರು ವಾರ ಕಳೆದು, ತೀರ್ಪು ಪಡೆದು ಹಿಂದಿರುಗುತ್ತಿದ್ದರು. ರೈಲಿಗೂ ವಸತಿಗೂ ವಕೀಲರಿಗೂ ದುಡ್ಡಿಲ್ಲದ ಹೆಂಗಸು ತನ್ನ ರಾಜ್ಯದ ಕಾನೂನಿನೊಳಗೇ ಉಳಿದಳು.

ನೆವಾಡಾದ ಸ್ವಾತಂತ್ರ್ಯಕ್ಕೂ ಬಣ್ಣದ ಮಿತಿ ಇತ್ತು. ಲಾಸ್ ವೇಗಸ್‌ನ ಹೋಟೆಲುಗಳಲ್ಲಿ ರಾತ್ರಿ ಹಾಡಿ ಕುಣಿದು ಚಪ್ಪಾಳೆ ಗಿಟ್ಟಿಸಿದ ಕಪ್ಪು ಕಲಾವಿದರಿಗೆ ಬಹುಕಾಲ ಆ ಹೋಟೆಲುಗಳಲ್ಲೇ ಮಲಗಲು ಕೋಣೆ ಸಿಗುತ್ತಿರಲಿಲ್ಲ. ಆಟ ಮುಗಿದ ಮೇಲೆ ಊರಾಚೆಯ ವೆಸ್ಟ್‌ಸೈಡ್ ಕೇರಿಗೆ ಹೋಗಬೇಕಿತ್ತು. ಈ ಪದ್ಧತಿಯನ್ನು ಕೈಬಿಡಲು ಹೋಟೆಲುಗಳು ಒಪ್ಪಿದ್ದು 1960ರ ಮಾರ್ಚ್‌ನಲ್ಲಿ.

ಪ್ರಾಣಕ್ಕಾಗಿ ಹೊರಟವರು

ತೆರಿಗೆ ಉಳಿಸಲೆಂದಲ್ಲ, ಪ್ರಾಣ ಮತ್ತು ಮಾನ ಉಳಿಸಿಕೊಳ್ಳಲೆಂದು ರಾಜ್ಯ ಬಿಟ್ಟವರ ಕಥೆ ಇನ್ನೂ ದೊಡ್ಡದು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ. ಮತ ಹಾಕಲು ನೂರೆಂಟು ತಡೆ. ಗುಂಪು ಹಲ್ಲೆಯ ಭಯ ನಿತ್ಯದ್ದು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಮಂದಿ ಮಿಸಿಸಿಪಿ, ಅಲಬಾಮಾ, ಜಾರ್ಜಿಯಾ ಮೊದಲಾದ ರಾಜ್ಯಗಳನ್ನು ತೊರೆದು ಉತ್ತರಕ್ಕೂ ಪಶ್ಚಿಮಕ್ಕೂ ಹೋದರು. ಚರಿತ್ರೆಯಲ್ಲಿ ಇದಕ್ಕೆ ‘ಮಹಾ ವಲಸೆ’ ಎಂದೇ ಹೆಸರು.

ಇಲಿನಾಯ್ ರಾಜ್ಯದ ಷಿಕಾಗೋದಲ್ಲಿ 1905ರಲ್ಲಿ ಆರಂಭವಾದ ‘ಷಿಕಾಗೋ ಡಿಫೆಂಡರ್’ ಪತ್ರಿಕೆ, ಉತ್ತರಕ್ಕೆ ಬನ್ನಿ ಎಂದು ಕರೆಯುತ್ತಿತ್ತು. ರೈಲಿನ ಕಪ್ಪು ಸಹಾಯಕರು ಅದರ ಪ್ರತಿಗಳನ್ನು ದಕ್ಷಿಣದ ಊರುಗಳಿಗೆ ಮುಟ್ಟಿಸುತ್ತಿದ್ದರು. ಬಂದವರಿಗೆ ಕಾರ್ಖಾನೆಯ ಕೂಲಿ ಸಿಕ್ಕಿತು, ಮತದ ಹಕ್ಕು ಸಿಕ್ಕಿತು. ಆದರೆ ಬೇಕಾದ ಬೀದಿಯಲ್ಲಿ ಮನೆ ಸಿಗಲಿಲ್ಲ. 1919ರ ಷಿಕಾಗೋ ಜನಾಂಗೀಯ ಗಲಭೆಯಲ್ಲಿ 38 ಮಂದಿ ಸತ್ತರು. ಕಪ್ಪು ಜನರಿಗೆ ಮನೆ ಮಾರಕೂಡದೆಂಬ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ.

ಕುತೂಹಲದ ಸಂಗತಿಯೆಂದರೆ, 1970ರ ದಶಕದಿಂದ ಈ ಹೊಳೆ ಹಿಂದಕ್ಕೆ ಹರಿಯತೊಡಗಿತು. ದಕ್ಷಿಣದ ಕಾನೂನು ಬದಲಾಗಿತ್ತು, ಉತ್ತರದ ಕಾರ್ಖಾನೆಗಳು ಮುಚ್ಚುತ್ತಿದ್ದವು. ಅಜ್ಜ ತೊರೆದು ಬಂದ ಜಾರ್ಜಿಯಾಕ್ಕೆ ಮೊಮ್ಮಗ ಕೆಲಸ ಹುಡುಕಿಕೊಂಡು ಮರಳಿದ.

ಗಡಿಯಲ್ಲಿ ಪೊಲೀಸರು

ಕ್ಯಾಲಿಫೋರ್ನಿಯಾದ ಹೆಸರು ಹಿಂದಿನಿಂದಲೂ ದೊಡ್ಡದು. ಚಿನ್ನ, ಬಿಸಿಲು, ಕಿತ್ತಳೆ ತೋಟ. ಪಂಜಾಬಿನ ಸಿಖ್ ರೈತರೂ 20ನೇ ಶತಮಾನದ ಆರಂಭದಲ್ಲಿ ಅಲ್ಲಿಗೆ ಹೋದರು. ದಕ್ಷಿಣದ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆದರು. ಆದರೆ ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿ ಭೂಮಿಯ ಒಡೆತನ ಪಡೆಯಕೂಡದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಲ್ಲಿಗೆ ಉತ್ತ ನೆಲದ ಮೇಲೂ ಹಕ್ಕಿಲ್ಲದಂತಾಯಿತು.

ಅದೇ ಕಣಿವೆಯಲ್ಲಿ ಬೇಸಾಯ ಮಾಡಿದವರಲ್ಲಿ ಒಬ್ಬರು, ಬರ್ಕ್ಲಿಯಲ್ಲಿ ಗಣಿತದ ಡಾಕ್ಟರೇಟ್ ಪಡೆದಿದ್ದ ದಲೀಪ್ ಸಿಂಗ್ ಸೌಂದ್. 1946ರ ಕಾನೂನು ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದ ಮೇಲೆ ಅವರು 1949ರಲ್ಲಿ ಪೌರರಾದರು. 1956ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಆಯ್ಕೆಯಾದ ಮೊದಲ ಭಾರತೀಯರಾದರು. ಕ್ಯಾಲಿಫೋರ್ನಿಯಾದ ಮತದಾರರು ಆ ಜಮೀನು ಕಾನೂನನ್ನು ರದ್ದು ಮಾಡಿದ್ದೂ ಅದೇ 1956ರಲ್ಲಿ.

ಹೊರಗಟ್ಟಿಸಿಕೊಳ್ಳಲು ವಿದೇಶಿಯೇ ಆಗಬೇಕಿರಲಿಲ್ಲ. 1930ರ ದಶಕದಲ್ಲಿ ಒಕ್ಲಹೋಮಾ, ಟೆಕ್ಸಾಸ್, ಕಾನ್ಸಾಸ್‌ಗಳಲ್ಲಿ ಬರ ಬಿದ್ದು ಹೊಲದ ಮಣ್ಣು ದೂಳಾಗಿ ಹಾರಿತು. ರೈತರು ಹಳೇ ಕಾರುಗಳಿಗೆ ಹಾಸಿಗೆ, ಪಾತ್ರೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದತ್ತ ಹೊರಟರು. 1936ರ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಪೊಲೀಸ್ ಮುಖ್ಯಸ್ಥ ನೂರಕ್ಕೂ ಹೆಚ್ಚು ಪೊಲೀಸರನ್ನು ರಾಜ್ಯದ ಗಡಿಗಳಿಗೇ ಕಳಿಸಿ, ಕೈಯಲ್ಲಿ ಕಾಸಿಲ್ಲದವರನ್ನು ವಾಪಸು ಅಟ್ಟಿಸಿದ. ಅವರೆಲ್ಲ ಅದೇ ದೇಶದ ಪ್ರಜೆಗಳು.

ನಿರ್ಗತಿಕರನ್ನು ರಾಜ್ಯದೊಳಗೆ ಕರೆತರುವುದೇ ಅಪರಾಧವೆಂಬ ಕಾನೂನೂ ಅಲ್ಲಿತ್ತು. ಮೇರಿಸ್‌ವಿಲ್ ಊರಿನ ಎಡ್ವರ್ಡ್ಸ್ ಎಂಬಾತ ಟೆಕ್ಸಾಸ್‌ಗೆ ಹೋಗಿ, ಕೆಲಸವಿಲ್ಲದ ತನ್ನ ಹೆಂಡತಿಯ ತಮ್ಮನನ್ನು ಕಾರಿನಲ್ಲಿ ಮನೆಗೆ ಕರೆತಂದ. ಅಷ್ಟಕ್ಕೇ ಅವನಿಗೆ ಆರು ತಿಂಗಳ ಶಿಕ್ಷೆ ವಿಧಿಸಿ, ಅದನ್ನು ಅಮಾನತಿನಲ್ಲಿಡಲಾಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1941ರ ನವೆಂಬರ್‌ನಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಆ ಕಾನೂನನ್ನು ತಳ್ಳಿಹಾಕಿದರು. ಬಡತನದ ಕಾರಣಕ್ಕೆ ಒಂದು ರಾಜ್ಯ ಇನ್ನೊಂದು ರಾಜ್ಯದವನನ್ನು ತಡೆಯುವಂತಿಲ್ಲ ಎಂಬುದು ಅಂದು ಇತ್ಯರ್ಥವಾಯಿತು. ಇಂದು ಯಾರೇ ಆಗಲಿ ಲಾರಿಗೆ ಸಾಮಾನು ತುಂಬಿಕೊಂಡು ರಾಜ್ಯ ಬದಲಿಸುವಾಗ, ಆ ಭಾವಮೈದುನನ ಪ್ರಯಾಣದ ಋಣ ಅವರ ಮೇಲಿದೆ.

ಇಂದಿನ ಲೆಕ್ಕ

ಈಗ ಮೊದಲ ಪ್ರಶ್ನೆಗೆ ಬರೋಣ. ಕ್ಯಾಲಿಫೋರ್ನಿಯಾ ಇಷ್ಟು ದುಬಾರಿಯಾಗಲು ಕಾರಣಗಳು ಹಲವು. ಅದರಲ್ಲಿ ಒಂದರ ಕಥೆ 1978ರ ಜೂನ್‌ನಿಂದ ಶುರುವಾಗುತ್ತದೆ. ಆಸ್ತಿ ತೆರಿಗೆ ಏರುತ್ತಲೇ ಇದ್ದುದರಿಂದ ರೋಸಿಹೋದ ಮನೆಯೊಡೆಯರು ‘ಪ್ರಪೊಸಿಷನ್ 13’ ಎಂಬ ಪ್ರಸ್ತಾವವನ್ನು ಜನಮತದಲ್ಲಿ ಗೆಲ್ಲಿಸಿದರು. ಮೂಲ ಆಸ್ತಿ ತೆರಿಗೆ ಶೇ 1ನ್ನು ಮೀರಕೂಡದು. ತೆರಿಗೆಗಾಗಿ ಲೆಕ್ಕ ಹಾಕುವ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಕೂಡದು. ಮನೆ ಮಾರಾಟವಾದಾಗ ಮಾತ್ರ ಹೊಸ ಬೆಲೆ. ಫಲವಾಗಿ ಒಂದೇ ಬೀದಿಯ ಒಂದೇ ಬಗೆಯ ಎರಡು ಮನೆಗಳಲ್ಲಿ, ನಲವತ್ತು ವರ್ಷದ ಹಿಂದೆ ಕೊಂಡವರು ಕಟ್ಟುವ ತೆರಿಗೆಯ ಹಲವು ಪಟ್ಟನ್ನು ನಿನ್ನೆ ಕೊಂಡವರು ಕಟ್ಟುತ್ತಾರೆ. ಹಳಬರು ಮನೆ ಮಾರಲು ಹಿಂಜರಿಯುತ್ತಾರೆ. ಇದರ ಮೇಲೆ ರಾಜ್ಯದ ಆದಾಯ ತೆರಿಗೆಯ ಗರಿಷ್ಠ ದರ ಶೇ 13.3.

ಟೆಕ್ಸಾಸ್‌ನಲ್ಲಿ ಆದಾಯ ತೆರಿಗೆ ಇಲ್ಲ. 2019ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು ಅದನ್ನು ನಿಷೇಧಿಸಿದರು. ಆದರೆ ಶಾಲೆ, ರಸ್ತೆಗಳಿಗೆ ಹಣ ಎಲ್ಲಿಂದಲಾದರೂ ಬರಲೇಬೇಕಲ್ಲ? ಆಸ್ತಿ ತೆರಿಗೆ ಭಾರಿಯಾಗಿದೆ, ಮಾರಾಟ ತೆರಿಗೆಯೂ ಇದೆ. ದೊಡ್ಡ ಸಂಬಳದವನಿಗೆ ಇದು ಲಾಭ. ಬಂದ ದುಡ್ಡೆಲ್ಲ ಅಂಗಡಿಯಲ್ಲೇ ಖರ್ಚಾಗುವ ಕೂಲಿಯವನಿಗೆ ಅಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ಕೂಲಿ ಗಂಟೆಗೆ 16 ಡಾಲರ್ ಇದ್ದರೆ, ಟೆಕ್ಸಾಸ್‌ನಲ್ಲಿ ಇದ್ದದ್ದು ಕೇಂದ್ರ 2009ರಲ್ಲಿ ನಿಗದಿ ಮಾಡಿದ 7.25 ಡಾಲರ್. ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ನ ವಿಸ್ತರಣೆ ರಾಜ್ಯಗಳ ಇಷ್ಟಕ್ಕೆ ಬಿಟ್ಟದ್ದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಅದನ್ನು ಒಪ್ಪದ ರಾಜ್ಯಗಳಲ್ಲಿ ಟೆಕ್ಸಾಸ್ ಅತಿ ದೊಡ್ಡದು. ತನ್ನ ವಿದ್ಯುತ್ ಜಾಲವನ್ನೂ ಅದು ಬಹುಪಾಲು ಪ್ರತ್ಯೇಕವಾಗಿಯೇ ಇಟ್ಟುಕೊಂಡಿದೆ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಆ ಜಾಲ ಕುಸಿಯುವ ಹಂತ ತಲುಪಿತು. ಆ ದುರಂತದಲ್ಲಿ ಅಧಿಕೃತ ಲೆಕ್ಕದ ಪ್ರಕಾರವೇ 246 ಮಂದಿ ಸತ್ತರು.

ಇಷ್ಟಾದರೂ ಜನರ ಹರಿವು ಟೆಕ್ಸಾಸ್ ಕಡೆಗೇ ಇತ್ತು. 2020ರ ಜನಗಣತಿಯ ನಂತರ ಅದಕ್ಕೆ ಸಂಸತ್ತಿನಲ್ಲಿ ಎರಡು ಸ್ಥಾನ ಹೆಚ್ಚಿದವು. ಕ್ಯಾಲಿಫೋರ್ನಿಯಾ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಒಂದು ಸ್ಥಾನ ಕಳೆದುಕೊಂಡಿತು.

ಎರಡು ರಾಜ್ಯಗಳ ಲಾಭವನ್ನೂ ಒಟ್ಟಿಗೆ ಪಡೆಯುವ ಜಾಣರೂ ಇದ್ದಾರೆ. ಕೊಲಂಬಿಯಾ ನದಿಯ ಈಚೆಗೆ ಆರೆಗಾನ್. ಅಲ್ಲಿ ಮಾರಾಟ ತೆರಿಗೆ ಇಲ್ಲ. ಆಚೆಗೆ ವಾಷಿಂಗ್ಟನ್ ರಾಜ್ಯ. ಅಲ್ಲಿ ಸಂಬಳದ ಮೇಲೆ ತೆರಿಗೆ ಹಾಕದೆಯೇ ದಶಕಗಳು ಕಳೆದಿವೆ. ಆಚೆ ದಡದಲ್ಲಿ ಮನೆ ಮಾಡಿ, ಸೇತುವೆ ದಾಟಿ ಈಚೆಯ ಪೋರ್ಟ್‌ಲ್ಯಾಂಡ್‌ನಲ್ಲಿ ಸಾಮಾನು ಕೊಳ್ಳುವುದು ಅಲ್ಲಿ ಮಾಮೂಲು. ಆದರೆ ಕೆಲಸವೂ ಪೋರ್ಟ್‌ಲ್ಯಾಂಡ್‌ನಲ್ಲೇ ಇದ್ದರೆ ಆರೆಗಾನ್‌ಗೆ ಆದಾಯ ತೆರಿಗೆ ಕಟ್ಟಲೇಬೇಕು.

ಅಮೆರಿಕದ ಪತ್ರಿಕೆಗಳು ‘ಬಾಳಲು ಅತ್ಯುತ್ತಮ ರಾಜ್ಯ’ಗಳ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸುತ್ತವೆ. ಚರಿತ್ರೆ ಅಂಥ ಪಟ್ಟಿಯನ್ನು ಒಪ್ಪುವುದಿಲ್ಲ. 1885ರಲ್ಲಿ ವಯೋಮಿಂಗ್‌ಗೆ ಎಷ್ಟನೇ ಸ್ಥಾನ ಕೊಡಬೇಕು? ಎಸ್ತರ್ ಮಾರಿಸ್‌ಳನ್ನು ಕೇಳಿದರೆ ಒಂದು ಉತ್ತರ, ರಾಕ್ ಸ್ಪ್ರಿಂಗ್ಸ್‌ನ ಚೀನೀ ಗಣಿಗಾರನನ್ನು ಕೇಳಿದರೆ ಇನ್ನೊಂದು. ಮುಂದೆ ಯಾರಾದರೂ ‘ಟೆಕ್ಸಾಸ್ ಒಳ್ಳೆಯದಂತೆ’ ಎಂದಾಗ, ‘ಹೇಳಿದವರು ಯಾರು, ಅವರ ಸಂಬಳ ಎಷ್ಟು?’ ಎಂದು ಕೇಳಿಕೊಂಡು ಆಮೇಲೆ ನಂಬುವುದು ಲೇಸು.